ಮೊದಲ ನೋಟದ ಮುಜುಗರ: ಶುದ್ಧ ಪ್ರೇಮಕಾದಂಬರಿಯೂ ವಿಜಯಪುರ ಸೀಮೆಯ ಕನ್ಯಾ ನೋಡುವ ಪದ್ಧತಿಯೂ

ಮದುವೆಯ ಹಾದಿಯಲ್ಲಿರುವ ಗಂಡು ಹೆಣ್ಣು ಮೊದಲ ಸಲ ಎದುರಾದಾಗ ಒಬ್ಬರ ವಿಷಯದಲ್ಲಿ ಇನ್ನೊಬ್ಬರಿಗೆ ಮೂಡುವ ಅರೆಬರೆ ಅಥವಾ ತಪ್ಪು ಅಭಿಪ್ರಾಯವನ್ನೂ, ಅದರೊಂದಿಗೆ ಬರುವ ನಾಚಿಕೆ, ತಡವರಿಕೆ, ಮಾತಿನ ಎಡವಟ್ಟುಗಳನ್ನೂ ಕಥೆಯ ಬೀಜವಾಗಿ ಬಳಸಿಕೊಳ್ಳುವ ಕ್ರಮಕ್ಕೆ ಪ್ರೇಮಕಾದಂಬರಿಯಲ್ಲಿ ದೀರ್ಘ ಪರಂಪರೆಯಿದೆ. ಈ ಕ್ರಮ ಅತ್ಯಂತ ನಿಯತವಾಗಿ ಕಾಣಿಸುವುದು ಇಂಗ್ಲಿಷ್ ಪ್ರಕಾಶನ ಲೋಕದಲ್ಲಿ ‘ಕ್ಲೀನ್ ರೊಮಾನ್ಸ್’ ಎಂದು ಹೆಸರಾದ ಶುದ್ಧ ಪ್ರೇಮಕಾದಂಬರಿಯಲ್ಲಿ, ಅಂದರೆ ಮದುವೆಗೆ ಮುಂಚಿನ ದೇಹಸಂಬಂಧವಾಗಲಿ ಅದರ ವರ್ಣನೆಯಾಗಲಿ ಇಲ್ಲದ, ಮನೆಮಂದಿಯೆಲ್ಲ ಓದಬಹುದಾದ ಪ್ರೇಮಕಥನದಲ್ಲಿ. ಅದರಲ್ಲಿಯೂ ನಂಬಿಕೆ, ಪ್ರಾರ್ಥನೆ, ಕ್ಷಮೆ ಇವೇ ಕಥೆಯ ತಿರುವುಗಳನ್ನು ನಿರ್ಧರಿಸುವ ಕ್ರೈಸ್ತ ಪ್ರೇಮಕಾದಂಬರಿಯಲ್ಲಿ. ಕನ್ನಡದಲ್ಲಿ ಈ ಹೆಸರಿನ ಪ್ರತ್ಯೇಕ ಪ್ರಕಾರ ಬೆಳೆಯಲಿಲ್ಲ. ಆದರೆ ಆ ಪ್ರಕಾರ ಯಾವ ಸನ್ನಿವೇಶವನ್ನು ನೆಚ್ಚಿಕೊಂಡಿದೆಯೋ ಆ ಸನ್ನಿವೇಶ ಕನ್ನಡ ನಾಡಿನ ಮನೆಗಳ ಪಡಸಾಲೆಯಲ್ಲಿ ನಿಜವಾಗಿಯೇ ನಡೆಯುತ್ತ ಬಂದಿದೆ. ವಿಜಯಪುರ ನಗರ, ಅದರ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿರುವ ತಿಕೋಟಾ, ನೈರುತ್ಯಕ್ಕಿರುವ ಬಬಲೇಶ್ವರ ಇವುಗಳ ಸುತ್ತಿನ ಸೀಮೆಯಲ್ಲಿ ಅದನ್ನು ‘ಕನ್ಯಾ ನೋಡೂದು’ ಎನ್ನುತ್ತಾರೆ.

ಮೊದಲ ನೋಟ ತಪ್ಪಬೇಕಾದರೆ ಮೊದಲು ಒಂದು ನೋಟ ಇರಬೇಕು. ಬುದ್ಧಿ ಬಲಿತ ಇಬ್ಬರು ಅಪರಿಚಿತರು ಎದುರಾಗಿ, ಒಬ್ಬರನ್ನೊಬ್ಬರು ಅಳೆಯುವ ಸ್ವಾತಂತ್ರ್ಯ ಅವರಿಗೆ ಅಲ್ಪವಾದರೂ ಇರಬೇಕು. ತೊಟ್ಟಿಲಲ್ಲಿಯೇ ಸಂಬಂಧ ಗೊತ್ತಾಗುತ್ತಿದ್ದ, ಋತುಮತಿಯಾಗುವ ಮೊದಲೇ ಹೆಣ್ಣಿನ ಕೊರಳಿಗೆ ತಾಳಿ ಬೀಳುತ್ತಿದ್ದ ಸಮಾಜದಲ್ಲಿ ಈ ಸನ್ನಿವೇಶಕ್ಕೆ ಎಡೆಯೇ ಇರಲಿಲ್ಲ. ಆದುದರಿಂದ ಕಾದಂಬರಿಯಲ್ಲಿ ಕಾಣುವ ಮೊದಲ ಭೇಟಿಯ ಮುಜುಗರವನ್ನು ಲಘುವಾದ ವಿನೋದವೆಂದು ಮಾತ್ರ ಎಣಿಸುವುದು ಸರಿಯಲ್ಲ. ಹೆಣ್ಣಿನ ಮದುವೆಯ ವಯಸ್ಸು, ಓದು, ಒಪ್ಪಿಗೆ ಇವು ಒಂದೊಂದಾಗಿ ಬೆಳೆದುಬಂದ ಚರಿತ್ರೆಯ ಗುರುತು ಅದರಲ್ಲಿದೆ.

ಬಾವಿಯ ದಡ, ಹಕ್ಕಲಿನ ಹೊಲ

ಕ್ರೈಸ್ತ ಪ್ರೇಮಕಥನದ ಮೊದಲ ಭೇಟಿಗಳಿಗೆ ಮೂಲಮಾದರಿ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿದೆ. ಆದಿಕಾಂಡದ 24ನೆಯ ಅಧ್ಯಾಯದಲ್ಲಿ ಅಬ್ರಹಾಮನ ಹಿರಿಯ ಸೇವಕ ಒಡೆಯನ ಮಗ ಇಸಾಕನಿಗೆ ಕನ್ಯೆಯನ್ನು ಹುಡುಕಿಕೊಂಡು ದೂರದ ಊರಿಗೆ ಹೋಗಿ, ಊರ ಹೊರಗಿನ ಬಾವಿಯ ಬಳಿ ಒಂಟೆಗಳನ್ನು ಕೂರಿಸಿ, ನೀರು ಕೇಳಿದಾಗ ತನಗಷ್ಟೇ ಅಲ್ಲದೆ ಒಂಟೆಗಳಿಗೂ ಸೇದಿ ಕೊಡುವ ಹುಡುಗಿಯೇ ತಕ್ಕವಳೆಂದು ನಿಶ್ಚಯಿಸಿಕೊಳ್ಳುತ್ತಾನೆ. ಹಾಗೆ ಸೇದಿ ಕೊಟ್ಟ ರೆಬೆಕ್ಕ ವರನ ಮುಖ ನೋಡದೆಯೇ ಹೊರಡುತ್ತಾಳೆ. ಆದರೆ ಹೊರಡುವ ಮುನ್ನ ಮನೆಯವರು ಅವಳನ್ನೇ ಕರೆದು ಹೋಗುತ್ತೀಯಾ ಎಂದು ಕೇಳುತ್ತಾರೆ, ಅವಳು ಹೋಗುತ್ತೇನೆಂದು ತಾನೇ ಉತ್ತರ ಕೊಡುತ್ತಾಳೆ. ಸಂಜೆ ಹೊಲದಲ್ಲಿ ನಡೆದು ಬರುತ್ತಿದ್ದವನೇ ಇಸಾಕನೆಂದು ತಿಳಿದ ಕೂಡಲೆ ಅವಳು ಒಂಟೆಯಿಂದಿಳಿದು ಮುಸುಕು ಹಾಕಿಕೊಳ್ಳುತ್ತಾಳೆ. ನಡುವಿನವರ ಮೂಲಕ ಹೆಣ್ಣು ಗೊತ್ತುಮಾಡುವ ವಿಜಯಪುರ ಸೀಮೆಯ ಓದುಗರಿಗೆ ಈ ಕಥೆ ಹೊರಗಿನದೆನಿಸುವುದಿಲ್ಲ. ಬಂದವರಿಗೆ ತಂಬಿಗೆ ನೀರು ಕೊಡುವ ಕೈಯನ್ನು ನೋಡಿಯೇ ಮನೆತನವನ್ನು ಅಳೆಯುವುದು ಇಲ್ಲಿಯ ಹಿರಿಯರಿಗೂ ರೂಢಿ.

ಅದೇ ಪುಸ್ತಕದ 29ನೆಯ ಅಧ್ಯಾಯದಲ್ಲಿ ರೆಬೆಕ್ಕಳ ಮಗ ಯಾಕೋಬ ಬಾವಿಯ ಬಳಿ ರಾಹೇಲಳನ್ನು ಕಂಡು, ಬಾವಿಯ ಬಾಯಿಗೆ ಮುಚ್ಚಿದ್ದ ಕಲ್ಲನ್ನು ತಾನೊಬ್ಬನೇ ಉರುಳಿಸಿ, ಕುರಿಗಳಿಗೆ ನೀರು ಕುಡಿಸಿ, ಅವಳನ್ನು ಮುದ್ದಿಟ್ಟು ಗಟ್ಟಿಯಾಗಿ ಅತ್ತುಬಿಡುತ್ತಾನೆ. ಮೊದಲ ಭೇಟಿಯಲ್ಲಿಯೇ ಗಂಡು ಅಳುವ ಈ ಪ್ರಸಂಗಕ್ಕೆ ಸಮನಾದ ಎಡವಟ್ಟು ಮುಂದಿನ ಕಾದಂಬರಿಕಾರರಿಗೂ ಸುಲಭವಾಗಿ ಸಿಕ್ಕಿಲ್ಲ. ರಾಹೇಲ ಅವನಿಗೆ ತಾಯಿಯ ಅಣ್ಣ ಲಾಬಾನನ ಮಗಳು, ಅಂದರೆ ಸೋದರಮಾವನ ಮಗಳು ಎಂಬುದು ಉತ್ತರ ಕರ್ನಾಟಕದ ಓದುಗರ ಕಣ್ಣಿಗೆ ತಟ್ಟನೆ ಬೀಳುವ ಸಂಗತಿ. ರೂತಳ ಗ್ರಂಥದಲ್ಲಿ ಮೊದಲ ಭೇಟಿ ಜವೆಗೋದಿಯ ಸುಗ್ಗಿಯ ಹೊಲದಲ್ಲಿ ನಡೆಯುತ್ತದೆ: ಗಂಡನನ್ನು ಕಳೆದುಕೊಂಡು ಅತ್ತೆಯೊಡನೆ ಪರವೂರಿಗೆ ಬಂದ ರೂತ್, ಕೊಯ್ಲಿನವರ ಹಿಂದೆ ಬಿದ್ದ ತೆನೆಗಳನ್ನು ಆಯುತ್ತಿರುವಾಗ ಹೊಲದ ಒಡೆಯ ಬೋವಜನ ಕಣ್ಣಿಗೆ ಬೀಳುತ್ತಾಳೆ. ಕೊಯ್ದ ಹೊಲದಲ್ಲಿ ಉಳಿದ ತೆನೆಯನ್ನು ಬಡವರು ಆಯ್ದುಕೊಳ್ಳುವುದಕ್ಕೆ ಕನ್ನಡದಲ್ಲಿ ‘ಹಕ್ಕಲಾಯುವುದು’ ಎಂಬ ಮಾತಿದೆ. ಕನ್ನಡ ಬೈಬಲೂ ಇದೇ ಮಾತನ್ನು ಬಳಸುತ್ತದೆ, ಬಿಳಿಜೋಳದ ರಾಶಿ ಕಂಡ ವಿಜಯಪುರದ ಹಳ್ಳಿಗರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಹಕ್ಕಲಾಯುವ ಹೆಂಗಸಿನ ಸಂಕೋಚವನ್ನು ಅರಿತ ಬೋವಜ, ಅವಳನ್ನು ಗದರಿಸಬಾರದೆಂದೂ ಸಿವುಡಿನಿಂದ ಬೇಕೆಂದೇ ಒಂದಿಷ್ಟು ತೆನೆ ಕೆಡವಬೇಕೆಂದೂ ಆಳುಗಳಿಗೆ ಹೇಳುತ್ತಾನೆ. ಮುಜುಗರದಲ್ಲಿರುವವರ ಮಾನವನ್ನು ಎದುರಿಗಿರುವವರು ಹೇಗೆ ಕಾಯುತ್ತಾರೆ ಎಂಬುದರಿಂದ ಪಾತ್ರದ ಗುಣವನ್ನು ಅಳೆಯುವ, ಇಂದಿಗೂ ಕ್ರೈಸ್ತ ಪ್ರೇಮಕಾದಂಬರಿಯ ಮುಖ್ಯ ಲಕ್ಷಣವಾಗಿ ಉಳಿದಿರುವ ಪದ್ಧತಿ ಇಲ್ಲಿಂದ ಆರಂಭವಾಯಿತೆನ್ನಬಹುದು.

ಪ್ರಕಾರದ ಬೆಳವಣಿಗೆ

ಇಂಗ್ಲಿಷ್ ಕಾದಂಬರಿಯಲ್ಲಿ ತಪ್ಪಿದ ಮೊದಲ ನೋಟಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಜೇನ್ ಆಸ್ಟಿನ್. 1813ರಲ್ಲಿ ಪ್ರಕಟವಾದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ನೃತ್ಯಕೂಟವೊಂದರಲ್ಲಿ ನಾಯಕ ಡಾರ್ಸಿ ನಾಯಕಿ ಎಲಿಜಬೆತ್ತಳ ವಿಷಯದಲ್ಲಿ ಆಡಿದ ಹಗುರ ಮಾತು ಅವಳ ಕಿವಿಗೇ ಬೀಳುತ್ತದೆ, ಆ ಒಂದು ಮಾತಿನ ಕಹಿಯನ್ನು ಕರಗಿಸಲು ಇಡೀ ಕಾದಂಬರಿ ಬೇಕಾಗುತ್ತದೆ. ಪಾದ್ರಿಯ ಮಗಳಾಗಿದ್ದ ಆಸ್ಟಿನ್ ಇದನ್ನು ಧಾರ್ಮಿಕ ಕಥೆಯಾಗಿ ಬರೆಯಲಿಲ್ಲವಾದರೂ ಗರ್ವ, ತಪ್ಪು ತೀರ್ಪು, ತಪ್ಪಿನ ಅರಿವು, ಕ್ಷಮೆ ಎಂಬ ಅದರ ನಡೆ ಕ್ರೈಸ್ತ ಪಶ್ಚಾತ್ತಾಪದ ನಡೆಯೇ ಆಗಿದೆ. ಶಾರ್ಲಟ್ ಬ್ರಾಂಟಿ ಅವರ ‘ಜೇನ್ ಐರ್’ (1847) ಕಾದಂಬರಿಯಲ್ಲಿ ಮಂಜುಗಟ್ಟಿದ ದಾರಿಯಲ್ಲಿ ಕುದುರೆ ಜಾರಿ ಬಿದ್ದ ಸವಾರನಿಗೆ ಜೇನ್ ಹೆಗಲು ಕೊಡುತ್ತಾಳೆ. ಅವನೇ ತನ್ನ ಯಜಮಾನ ರಾಚೆಸ್ಟರ್ ಎಂಬುದು ಆಗ ಅವಳಿಗೆ ಗೊತ್ತಿರುವುದಿಲ್ಲ.

ಅಮೆರಿಕದಲ್ಲಿ ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ (1865–1947) ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ನಂಬಿಕೆಯನ್ನೂ ಪ್ರೇಮವನ್ನೂ ಒಂದೇ ದಾರದಲ್ಲಿ ಪೋಣಿಸಿದರು. ಈ ಪ್ರಕಾರಕ್ಕೆ ಇಂದಿನ ಮಾರುಕಟ್ಟೆಯನ್ನು ತೆರೆದುಕೊಟ್ಟದ್ದು ಕೆನಡಾದ ಜಾನೆಟ್ ಓಕ್ ಅವರು 1979ರಲ್ಲಿ ಪ್ರಕಟಿಸಿದ ‘ಲವ್ ಕಮ್ಸ್ ಸಾಫ್ಟ್ಲಿ’. ಪಶ್ಚಿಮದ ಬಯಲುಸೀಮೆಗೆ ವಲಸೆ ಹೊರಟ ಮಾರ್ಟಿ ಎಂಬ ಬಸುರಿ ಹೆಂಗಸಿನ ಗಂಡ ದಾರಿಯಲ್ಲಿ ಸಾಯುತ್ತಾನೆ. ಮಣ್ಣು ಮಾಡಿದ ದಿನವೇ ಕ್ಲಾರ್ಕ್ ಎಂಬ ಅಪರಿಚಿತ ವಿಧುರ ಬಂದು, ತನ್ನ ಪುಟ್ಟ ಮಗಳಿಗೆ ತಾಯಿ ಬೇಕು, ಹೆಸರಿಗೆ ಮದುವೆಯಾದರೆ ಸಾಕು, ಬೇಡವಾದರೆ ಮುಂದೆ ಊರಿಗೆ ಮರಳಲು ಖರ್ಚು ಕೊಡುತ್ತೇನೆ ಎಂದು ಕೇಳುತ್ತಾನೆ. ಇದಕ್ಕಿಂತ ಹೊತ್ತಲ್ಲದ ಹೊತ್ತಿನ ಮೊದಲ ಭೇಟಿಯನ್ನು ಕಲ್ಪಿಸುವುದು ಕಷ್ಟ. ಮಾರ್ಟಿಗೆ ಅವನ ಮೇಲೆ ಉಂಟಾಗುವ ಸಿಟ್ಟು ನ್ಯಾಯವಾದದ್ದು, ಅವನ ಕೋರಿಕೆಯ ಹಿಂದಿನ ಕರುಣೆಯೂ ನಿಜವಾದದ್ದು. ಇಬ್ಬರಲ್ಲಿ ಯಾರನ್ನೂ ಮೂರ್ಖರನ್ನಾಗಿ ಮಾಡದೆ ಇಬ್ಬರ ನಡುವೆ ದೂರ ನಿರ್ಮಿಸಿದುದು ಈ ಕಾದಂಬರಿಯ ಹೆಚ್ಚುಗಾರಿಕೆ. 1997ರಲ್ಲಿ ಹಾರ್ಲೆಕ್ವಿನ್ ಪ್ರಕಾಶನ ‘ಲವ್ ಇನ್‌ಸ್ಪೈರ್ಡ್’ ಎಂಬ ಮಾಲೆಯನ್ನು ಆರಂಭಿಸಿದ ಮೇಲೆ ಇಂಥ ಕಾದಂಬರಿಗಳು ತಿಂಗಳು ತಿಂಗಳು ಬರತೊಡಗಿ, ಕೈಜಾರಿ ಚೆಲ್ಲಿದ ಕಾಫಿ, ಹೆಸರು ತಪ್ಪಿ ಕರೆದ ಗಳಿಗೆ, ಕೆಲಸದಾಳೆಂದು ತಪ್ಪು ತಿಳಿದ ಯಜಮಾನ ಮುಂತಾದ ಪ್ರಸಂಗಗಳು ಸಿದ್ಧ ಅಚ್ಚಿನಂತಾದವು.

ಮುಟ್ಟುವುದಕ್ಕೂ ಮನಬಿಚ್ಚಿ ಮಾತಾಡುವುದಕ್ಕೂ ಕಟ್ಟಳೆಯಿರುವ ಕಥೆಯಲ್ಲಿ ಇಬ್ಬರ ನಡುವೆ ಕಾವು ಹುಟ್ಟಿಸಲು ಲೇಖಕಿಗೆ ಉಳಿಯುವ ಸಾಧನ ಅಭಿಪ್ರಾಯವೊಂದೇ. ಮೊದಲು ತಪ್ಪಾಗಿ ಮೂಡಿ ಆಮೇಲೆ ಹಂತಹಂತವಾಗಿ ತಿದ್ದಿಕೊಳ್ಳುವ ಅಭಿಪ್ರಾಯ ಇಲ್ಲಿ ದೇಹದ ಸಾಮೀಪ್ಯ ಮಾಡಬೇಕಾದ ಕೆಲಸವನ್ನು ಮಾಡುತ್ತದೆ. ಕ್ರೈಸ್ತ ಕಾದಂಬರಿಯಲ್ಲಿ ಇದಕ್ಕೆ ಇನ್ನೊಂದು ತೂಕ ಕೂಡಿಕೊಳ್ಳುತ್ತದೆ: ಅನ್ಯರ ಬಗ್ಗೆ ಅವಸರದ ತೀರ್ಪು ಕೊಡುವುದು ಆ ನಂಬಿಕೆಯಲ್ಲಿ ಪಾಪವೇ ಆಗಿರುವುದರಿಂದ ಮೊದಲ ಭೇಟಿಯ ತಪ್ಪನ್ನು ಒಪ್ಪಿಕೊಳ್ಳುವ ಗಳಿಗೆ ಪ್ರೇಮದ ಗಳಿಗೆಯೂ ಹೌದು, ಆತ್ಮಶೋಧನೆಯ ಗಳಿಗೆಯೂ ಹೌದು. ಚೆಲ್ಲಿದ ಚಹಾದ ಕಲೆ ಒಗೆದರೆ ಹೋಗುತ್ತದೆ. ಆಡಿದ ಮಾತಿನ ಕಲೆಗೆ ಕ್ಷಮೆ ಕೇಳಬೇಕಾಗುತ್ತದೆ. ಈ ಎರಡರ ವ್ಯತ್ಯಾಸ ತಿಳಿದ ಲೇಖಕಿಯ ಕೃತಿ ಮಾತ್ರ ಈ ಪ್ರಕಾರದಲ್ಲಿ ಎರಡನೆಯ ಓದಿಗೆ ನಿಲ್ಲುತ್ತದೆ.

ಬಾಸೆಲ್ ಮಿಷನ್ನಿನ ವಧುಗಳು

ಕಾದಂಬರಿಕಾರರು ಕಲ್ಪಿಸಿದ್ದಕ್ಕಿಂತ ಕಠಿನವಾದ ಮೊದಲ ಭೇಟಿಗಳು ಕನ್ನಡ ನಾಡಿನ ಕ್ರೈಸ್ತ ಚರಿತ್ರೆಯಲ್ಲಿ ನಿಜವಾಗಿ ನಡೆದಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿ, 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೂ ಹಬ್ಬಿತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ, ಅಂದಿನ ಬಿಜಾಪುರಕ್ಕೆ, ಬಂದ ಹೊತ್ತಿನಲ್ಲಿಯೇ ಮಿಷನ್ ಕೂಡ ಅಲ್ಲಿ ಠಾಣೆ ತೆರೆಯಿತು. ಈ ಮಿಷನರಿಗಳು ಬರುವಾಗ ಸಾಮಾನ್ಯವಾಗಿ ಅವಿವಾಹಿತರಾಗಿರಬೇಕಿತ್ತು. ಕೆಲವು ವರ್ಷ ಸೇವೆ ಸಲ್ಲಿಸಿದ ಮೇಲೆ ಮದುವೆಗೆ ಬಾಸೆಲಿನ ಆಡಳಿತ ಸಮಿತಿಯ ಅಪ್ಪಣೆ ಬೇಡಬೇಕಿತ್ತು. ಹೆಣ್ಣು ಯಾರೆಂಬುದಕ್ಕೂ ಆ ಸಮಿತಿಯ ಒಪ್ಪಿಗೆ ಬೇಕಿತ್ತು. ಅನೇಕ ಸಲ ಸ್ವತಃ ಸಮಿತಿಯೋ ಊರಿನ ಪರಿಚಿತರೋ ದೈವಭಕ್ತಿಯುಳ್ಳ ಹುಡುಗಿಯೊಬ್ಬಳನ್ನು ಹುಡುಕಿ, ಕಾಗದದ ಮೂಲಕ ಸಂಬಂಧ ಕುದುರಿಸಿ, ಹಿರಿಯ ದಂಪತಿಗಳ ಕಾವಲಿನಲ್ಲಿ ಹಡಗು ಹತ್ತಿಸುತ್ತಿದ್ದರು. ವಾರಗಟ್ಟಲೆ, ಹಳೆಯ ಕಾಲದಲ್ಲಿ ತಿಂಗಳುಗಟ್ಟಲೆ, ಪ್ರಯಾಣ ಮಾಡಿ ಇಳಿದ ಹುಡುಗಿ ದಡದಲ್ಲಿ ನಿಂತವರಲ್ಲಿ ತನ್ನವನು ಯಾರೆಂದು ಗುರುತಿಸಬೇಕಿತ್ತು. ಕೆಲವು ದಿನಗಳಲ್ಲಿಯೇ ಮದುವೆ ನಡೆಯುತ್ತಿತ್ತು.

ಜರ್ಮನ್ ವಿದ್ವಾಂಸೆ ಡಾಗ್ಮರ್ ಕೊನ್ರಾಡ್ ಈ ‘ಮಿಷನ್ ವಧು’ಗಳ ಕಾಗದ, ದಿನಚರಿಗಳನ್ನು ಓದಿ 2001ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದಾರೆ. ಕನ್ನಡ–ಇಂಗ್ಲಿಷ್ ನಿಘಂಟಿನ (1894) ಕರ್ತೃ ಫರ್ಡಿನಾಂಡ್ ಕಿಟ್ಟೆಲ್ ಮೊದಲು ಪೌಲೀನ್ ಐತ್ ಎಂಬವರನ್ನು ಮದುವೆಯಾಗಿ, ಅವರು ತೀರಿಕೊಂಡ ಮೇಲೆ ಅವರ ಸಹೋದರಿ ಜೂಲಿಯನ್ನು ಮದುವೆಯಾದರು. ಹೆಂಡತಿ ತೀರಿದರೆ ಆಕೆಯ ತಂಗಿಯನ್ನೇ ತರುವ ರೂಢಿಯುಳ್ಳ ಧಾರವಾಡ–ವಿಜಯಪುರ ಸೀಮೆಯವರಿಗೆ ಈ ಸಂಬಂಧ ಪರಕೀಯವಾಗಿ ಕಂಡಿರಲಾರದು. ಯುರೋಪಿನ ಭಕ್ತ ಕುಟುಂಬಗಳೂ ಕನ್ನಡದ ಒಕ್ಕಲು ಕುಟುಂಬಗಳೂ ಮದುವೆಯ ಮಟ್ಟಿಗೆ ಅಷ್ಟೇನೂ ದೂರ ಇರಲಿಲ್ಲ ಎಂಬುದಕ್ಕೆ ಮಿಷನ್ ವಧುಗಳ ಬದುಕು ಗಟ್ಟಿಯಾದ ಸಾಕ್ಷಿ: ಎರಡೂ ಕಡೆ ಹಿರಿಯರು ಆರಿಸುತ್ತಿದ್ದರು, ಎರಡೂ ಕಡೆ ಪ್ರೀತಿ ಮದುವೆಯ ಆಮೇಲಿನ ಮಾತಾಗಿತ್ತು, ಮತ್ತು ಎರಡೂ ಕಡೆ ಮೊದಲ ನೋಟದ ನಡುಕವನ್ನು ಹೆಚ್ಚಾಗಿ ಹೊತ್ತವಳು ಹುಡುಗಿಯೇ. ಅನಂತರ ಬಾಸೆಲ್ ಮಿಷನ್ ಕಟ್ಟಿದ ಸಭೆಗಳು 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯ ಪರಂಪರೆಗೆ ಸೇರಿದವು. ಅವುಗಳಲ್ಲಿ ಮದುವೆಗೆ ಮುನ್ನ ವಧೂವರರ ಹೆಸರನ್ನು ಆರಾಧನೆಯ ವೇಳೆ ಸಭೆಯ ಮುಂದೆ ಓದಿ, ಆಕ್ಷೇಪವಿದ್ದರೆ ತಿಳಿಸಿರೆಂದು ಸಭಾಪಾಲಕರು ಕೇಳುವ ‘ಪ್ರಕಟಣೆ’ ಎಂಬ ಕ್ರಮ ಇದೆ. ಇಬ್ಬರ ಒಪ್ಪಿಗೆಯನ್ನು ಊರೆಲ್ಲ ಕೇಳಿಸಿಕೊಳ್ಳುವ ಆ ಗಳಿಗೆಯೂ ತನ್ನದೇ ರೀತಿಯ ಮುಜುಗರದ್ದು.

ಪಡಸಾಲೆಯ ವಿಧಿ

ವಿಜಯಪುರ ಸೀಮೆಯಲ್ಲಿ ಮೊದಲು ನೆನಪಿಡಬೇಕಾದ ಸಂಗತಿಯೆಂದರೆ ಎಷ್ಟೋ ಮದುವೆಗಳಿಗೆ ಕನ್ಯಾ ನೋಡುವ ಅಗತ್ಯವೇ ಇರುತ್ತಿರಲಿಲ್ಲ. ಅಕ್ಕನ ಮಗಳು, ಅತ್ತೆಯ ಮಗಳು, ಸೋದರಮಾವನ ಮಗಳು ಇವರೇ ಮೊದಲ ಹಕ್ಕಿನ ವಧುಗಳೆಂದು ಅನೇಕ ಸಮುದಾಯಗಳು ಎಣಿಸುತ್ತಿದ್ದವು, ಇಂದಿಗೂ ಕೆಲವು ಮನೆಗಳು ಎಣಿಸುತ್ತವೆ. ಎತ್ತಿ ಆಡಿಸಿದ ಮಗು ಮುಂದೆ ಹೆಂಡತಿಯಾಗುವಲ್ಲಿ ಮೊದಲ ನೋಟವೆಂಬುದಿಲ್ಲ. ಅದರ ಬದಲು, ಇಷ್ಟು ದಿನ ಮಾಮಾ ಎಂದು ಸಲಿಗೆಯಿಂದ ಕರೆಯುತ್ತಿದ್ದವನ ಮುಂದೆ ಒಂದು ದಿನ ಇದ್ದಕ್ಕಿದ್ದಂತೆ ಸೆರಗು ಸರಿಪಡಿಸಿಕೊಂಡು ಮಾತು ನಿಲ್ಲಿಸುವ ಗಳಿಗೆ ಇದೆ. ಪರಿಚಿತನನ್ನು ಅಪರಿಚಿತನಂತೆ ಮತ್ತೊಮ್ಮೆ ನೋಡಬೇಕಾದ ಈ ಸಂಕೋಚವನ್ನು ಕನ್ನಡ ಕಾದಂಬರಿ ಸಾಕಷ್ಟು ದುಡಿಸಿಕೊಂಡಿಲ್ಲ. ಇಂಗ್ಲಿಷಿನ ಯಾವ ಮಾದರಿಯಿಂದಲೂ ಎರವಲು ತರಬೇಕಿಲ್ಲದ ವಸ್ತು ಇದು.

ಬಳಗದ ಹೊರಗೆ ಸಂಬಂಧ ಹುಡುಕುವಾಗ ಕನ್ಯಾ ನೋಡುವ ವಿಧಿ ತೊಡಗುತ್ತದೆ. ಎರಡೂ ಕಡೆ ಗೊತ್ತಿರುವ ನಡುವಿನವರು ದಿನ ಗೊತ್ತುಮಾಡುತ್ತಾರೆ. ‘ಪಾವಣೇರು’, ಅಂದರೆ ಅತಿಥಿಗಳು, ಬರುವ ಹೊತ್ತಿಗೆ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಗೋಡೆಗೆ ಲೋಡು ಆನಿಸಿ, ಕಾಲು ತೊಳೆಯಲು ಅಂಗಳದಲ್ಲಿ ನೀರಿಟ್ಟಿರುತ್ತಾರೆ. ಬಂದವರಿಗೆ ನೀರು, ಆಮೇಲೆ ಶಿರಾ ಉಪ್ಪಿಟ್ಟು ಅಥವಾ ಅವಲಕ್ಕಿ, ಕೊನೆಗೆ ಚಹಾ. ಒಳಮನೆಯಲ್ಲಿ ಹುಡುಗಿಯ ವೈನಿಯೋ ಕಾಕಿಯೋ, ಅಂದರೆ ಅತ್ತಿಗೆಯೋ ಚಿಕ್ಕಮ್ಮನೋ, ಅವಳಿಗೆ ಇಳಕಲ್ ಸೀರೆ ಉಡಿಸಿ, ತಲೆಯ ಮೇಲೆ ಸೆರಗು ಹೊದಿಸಿ, ಚಹಾದ ತಾಟು ಕೈಗೆ ಕೊಡುತ್ತಾಳೆ. ತಾಟಿನಲ್ಲಿ ಆರೇಳು ಕಪ್ಪು ಬಸಿ. ಹೊಸ್ತಿಲು ದಾಟುವಾಗ ಕೈ ಎಷ್ಟೇ ಬಿಗಿಹಿಡಿದರೂ ಬಸಿಗೆ ಕಪ್ಪು ತಾಗಿ ಕಿಣಿಕಿಣಿ ಸದ್ದು ಬರುತ್ತದೆ. ಪಡಸಾಲೆಯಲ್ಲಿ ಮಳೆ ಬೆಳೆಯ ಮಾತಾಡುತ್ತಿದ್ದ ಗಂಡಸರು ಆ ಸದ್ದಿಗೆ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ಹುಡುಗಿ ಏಳೆಂಟು ಹೆಜ್ಜೆ ನಡೆಯಬೇಕು. ತಲೆ ಬಗ್ಗಿಸಿದ ಅವಳಿಗೆ ಕಾಣುವುದು ಕಾಲುಗಳಷ್ಟೇ, ಅವುಗಳಲ್ಲಿ ವರನ ಕಾಲು ಯಾವುದೆಂಬುದನ್ನು ಅವಳು ಊಹಿಸಬೇಕು. ವರನ ಸ್ಥಿತಿಯೂ ಇದಕ್ಕಿಂತ ಉತ್ತಮವಲ್ಲ: ನೇರವಾಗಿ ನೋಡಿದರೆ ಹದ್ದುಮೀರಿದವನು, ನೋಡದಿದ್ದರೆ ದಾರಿಯಲ್ಲಿ ಮರಳುವಾಗ ಹಿರಿಯರು ಹೆಂಗದಾಳ ಎಂದು ಕೇಳಿದರೆ ಹೇಳಲು ಉತ್ತರವಿಲ್ಲ.

ಆಮೇಲೆ ಪ್ರಶ್ನೆಗಳು. ‘ನಿನ್ನ ಹೆಸರೇನವಾ?’ ‘ಎಲ್ಲೀಮಟಾ ಕಲ್ತೀ?’ ‘ರೊಟ್ಟಿ ಬಡಿಯಾಕ ಬರ್ತದೇನು?’ ಇವುಗಳ ಉತ್ತರ ಕೇಳುವವರಿಗೆ ಮೊದಲೇ ತಿಳಿದಿರುತ್ತದೆ. ಉತ್ತರ ಅಲ್ಲ, ದನಿ ಬೇಕಾಗಿರುತ್ತದೆ. ಹಳೆಯ ಕಾಲದಲ್ಲಿ ಹುಡುಗಿಯ ಕೂದಲಿನ ಉದ್ದ ನೋಡುವುದು, ನಾಲ್ಕು ಹೆಜ್ಜೆ ನಡೆಸುವುದು, ಅಕ್ಷರ ಬರೆಸುವುದು ಕೂಡ ನಡೆಯುತ್ತಿದ್ದವು. ದನದ ಸಂತೆಯ ಪರೀಕ್ಷೆಯನ್ನು ನೆನಪಿಸುವ ಈ ಭಾಗ ಕ್ರೂರವಾದದ್ದು, ಅದು ಬಿಟ್ಟುಹೋಗುತ್ತಿರುವುದು ಒಳ್ಳೆಯದೇ ಆಯಿತು. ಎಲ್ಲ ಮುಗಿದ ಮೇಲೆ ಬಂದ ಹೆಂಗಸರು ಹುಡುಗಿಗೆ ಕುಂಕುಮ ಹಚ್ಚುತ್ತಾರೆ, ಮನಸ್ಸಿಗೆ ಬಂದಿದ್ದರೆ ಖಣ ಕಾಯಿ ಇಟ್ಟು ಉಡಿ ತುಂಬುತ್ತಾರೆ. ಮನಸ್ಸಿಗೆ ಬಾರದಿದ್ದರೆ ಯಾರೂ ಇಲ್ಲವೆನ್ನುವುದಿಲ್ಲ. ‘ಊರಿಗೆ ಹೋಗಿ ತಿಳಸ್ತೀವ್ರೀ’ ಎನ್ನುತ್ತಾರೆ. ಈ ಒಂದು ಮಾತಿನ ಒಳಗಿರುವುದು ಸಭ್ಯತೆಯೋ ನಿರಾಕರಣೆಯೋ ಎಂದು ಅಳೆಯುತ್ತ ಹೆಣ್ಣಿನ ಮನೆ ವಾರಗಟ್ಟಲೆ ಕಳೆಯುತ್ತದೆ. ಒಪ್ಪಿಗೆಯಾದರೆ ‘ಕನ್ಯಾ ಪಸಂದ ಆತು’ ಎಂಬ ಸುದ್ದಿ ಬಂದು, ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುತ್ತಾರೆ. ಮುಸ್ಲಿಂ ಮನೆತನಗಳಲ್ಲಿ ಮೊದಲು ಹೆಂಗಸರು ಒಳಗೆ ಹೋಗಿ ನೋಡಿಕೊಂಡು ಬರುವುದು, ಆಮೇಲೆ ಗಂಡಸರ ಮಾತು ನಡೆಯುವುದು ರೂಢಿ.

ಇಂಗ್ಲಿಷ್ ಪ್ರೇಮಕಾದಂಬರಿಯ ಮೊದಲ ಭೇಟಿಗೂ ಇದಕ್ಕೂ ಇರುವ ಮೂಲ ವ್ಯತ್ಯಾಸವನ್ನು ಇಲ್ಲಿ ಗುರುತಿಸಬೇಕು. ಅಲ್ಲಿ ಮುಜುಗರ ಇಬ್ಬರದು, ಆಕಸ್ಮಿಕವಾದದ್ದು. ಇಲ್ಲಿ ಅದು ಎರಡು ಮನೆತನಗಳದು, ದಿನ ಗೊತ್ತುಮಾಡಿ ಕರೆಸಿಕೊಂಡದ್ದು. ಅಲ್ಲಿ ತಪ್ಪು ಅಭಿಪ್ರಾಯವನ್ನು ತಿದ್ದಿಕೊಳ್ಳಲು ಮುಂದಿನ ಇನ್ನೂರು ಪುಟಗಳಿವೆ. ಇಲ್ಲಿ ಚಹಾ ಆರುವುದರೊಳಗೆ ತೀರ್ಪು ಆಗಬೇಕು, ತಿದ್ದಿಕೊಳ್ಳುವುದೆಲ್ಲ ಮದುವೆಯ ಆಚೆ. ಮದುವೆಯಲ್ಲಿ ಹೊಸ ಜೋಡಿಗೆ ‘ಒಡಪು’ ಹೇಳಿಸುವುದನ್ನು ಈ ತಿದ್ದುವಿಕೆಯ ಮೊದಲ ಮೆಟ್ಟಿಲೆಂದು ಕಾಣಬಹುದು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಳೆಯಿರುವಲ್ಲಿ, ಪ್ರಾಸವಿಟ್ಟ ಎರಡು ಸಾಲಿನ ಕೊನೆಗೆ ಆ ಹೆಸರನ್ನು ಪೋಣಿಸಿ ಹೇಳುವುದು ಒಡಪು. ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಅದನ್ನು ಹೇಳದೆ ಒಳಗೆ ಬಿಡುವುದಿಲ್ಲ. ಪಡಸಾಲೆಯಲ್ಲಿ ತಲೆಯೆತ್ತದೆ ನಿಂತಿದ್ದ ಹುಡುಗಿ ಇಲ್ಲಿ ಎಲ್ಲರ ಮುಂದೆ, ತನ್ನ ಜಾಣತನದಿಂದ, ಅವನ ಹೆಸರನ್ನು ಮೊದಲ ಸಲ ಉಚ್ಚರಿಸುತ್ತಾಳೆ. ಹೆಣ್ಣಿನ ಇಂಥ ಜಾಣತನದ ಇನ್ನೊಂದು ಕಣಜ ಜನಪದ ತ್ರಿಪದಿಗಳಲ್ಲಿದೆ: ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಹೆಣ್ಣಿನ ಬಾಯಲ್ಲೇ ತವರು, ಗಂಡನ ಮನೆ, ಒಗೆತನಗಳ ಮಾತನ್ನು ಹಿಡಿದಿಟ್ಟಿದೆ.

ಕನ್ನಡ ಕಾದಂಬರಿಯಲ್ಲಿ

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಎಣಿಸಲಾಗುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಇಂದಿರೆ ಓದು ಕಲಿತು, ಭಾಸ್ಕರರಾಯನನ್ನು ಮೆಚ್ಚಿ ಮರುಮದುವೆಯಾಗುವ ಈ ಕಥೆ, ಹೆಣ್ಣು ತಾನೇ ನೋಡಿ ಒಪ್ಪುವ ಸಾಧ್ಯತೆಯನ್ನು ಕನ್ನಡ ಗದ್ಯಕ್ಕೆ ತಂದಿತು. ಪುಸ್ತಕದ ಇನ್ನೊಂದು ಹೆಸರು ‘ಸದ್ಧರ್ಮವಿಜಯ’. ಪ್ರೇಮವೂ ಸನ್ನಡತೆಯೂ ಕೂಡಿಯೇ ಗೆಲ್ಲಬೇಕೆಂಬ ಅದರ ಆಶಯ ಶುದ್ಧ ಪ್ರೇಮಕಾದಂಬರಿಯ ಆಶಯವೇ.

ವಿಜಯಪುರ ಸೀಮೆಗೆ ಇನ್ನೂ ಹತ್ತಿರದ ಹೆಸರು ಕೆರೂರು ವಾಸುದೇವಾಚಾರ್ಯರದು (1866–1921). ಆಗ ವಿಜಯಪುರ ಜಿಲ್ಲೆಗೇ ಸೇರಿದ್ದ, 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಬಾಗಲಕೋಟೆಯಲ್ಲಿ ವಕೀಲರಾಗಿದ್ದ ಅವರು 1908ರಲ್ಲಿ ‘ಇಂದಿರೆ’ ಎಂಬ ಸಾಮಾಜಿಕ ಕಾದಂಬರಿಯನ್ನು ಬರೆದರು. ಆಲಿವರ್ ಗೋಲ್ಡ್‌ಸ್ಮಿತ್ತನ 1773ರ ನಾಟಕ ‘ಷಿ ಸ್ಟೂಪ್ಸ್ ಟು ಕಾಂಕರ್’ ಅನ್ನು ‘ವಶೀಕರಣ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದವರೂ ಅವರೇ. ತಪ್ಪಿದ ಮೊದಲ ನೋಟದ ಮೇಲೆಯೇ ನಿಂತಿರುವ ನಾಟಕಗಳಲ್ಲಿ ಗೋಲ್ಡ್‌ಸ್ಮಿತ್ತನದಕ್ಕೆ ಅಗ್ರಸ್ಥಾನ: ಹೆಣ್ಣು ನೋಡಲು ಬಂದ ಮಾರ್ಲೋ ಮಾವನ ಮನೆಯನ್ನೇ ಹೋಟೆಲೆಂದು ನಂಬಿ ಮಾವನಿಗೇ ಅಪ್ಪಣೆ ಮಾಡುತ್ತಾನೆ, ದೊಡ್ಡ ಮನೆತನದ ಹೆಂಗಸರ ಮುಂದೆ ನಾಲಗೆ ಕಟ್ಟುವ ಅವನು ಆ ಮನೆಯ ಮಗಳು ಕೇಟಳೊಡನೆ ತಡವರಿಸಿ ಮಾತಾಡುವಾಗ ಅವಳ ಮುಖವನ್ನೇ ನೋಡಿರುವುದಿಲ್ಲ, ಅವಳು ಸೇವಕಿಯ ವೇಷದಲ್ಲಿ ಬಂದಾಗ ಗುರುತೇ ಹಿಡಿಯದೆ ಸರಾಗವಾಗಿ ಮಾತಾಡುತ್ತಾನೆ. ಕನ್ಯಾ ನೋಡಲು ಬಂದು ಕನ್ಯೆಯ ಮುಖ ನೋಡದೆ ಹೋಗುವ ವರನನ್ನು ಬಾಗಲಕೋಟೆ, ವಿಜಯಪುರಗಳ ಜನ ಅಂದು ಪಡಸಾಲೆಯಲ್ಲಿ ದಿನವೂ ಕಾಣುತ್ತಿದ್ದರು. ಇಂಗ್ಲಿಷಿನ ಅಷ್ಟೊಂದು ನಾಟಕಗಳಲ್ಲಿ ಕೆರೂರರು ಇದನ್ನೇ ಆರಿಸಿಕೊಂಡದ್ದರ ಹಿಂದೆ ಮನೆಯ ಅನುಭವದ ಬಲ ಇತ್ತೆಂದು ಭಾವಿಸಲು ಅಡ್ಡಿಯಿಲ್ಲ. ಗೋಲ್ಡ್‌ಸ್ಮಿತ್ತನಲ್ಲಿ ನೋಟದ ದಿಕ್ಕು ತಿರುಗುತ್ತದೆಂಬುದು ಮುಖ್ಯ: ನೋಡಿಸಿಕೊಳ್ಳಬೇಕಾದ ಹುಡುಗಿಯೇ ವೇಷ ಬದಲಿಸಿ ವರನನ್ನು ಪರೀಕ್ಷಿಸುತ್ತಾಳೆ.

20ನೆಯ ಶತಮಾನದ ಎರಡನೆಯ ಅರ್ಧದಲ್ಲಿ ತ್ರಿವೇಣಿ (1928–1963), ಎಂ. ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ ಮೊದಲಾದ ಲೇಖಕಿಯರು ಬರೆದ ಕಾದಂಬರಿಗಳು ವಾರಪತ್ರಿಕೆಗಳ ಧಾರಾವಾಹಿಗಳ ಮೂಲಕವೂ ಸಂಚಾರಿ ಗ್ರಂಥಾಲಯಗಳ ಮೂಲಕವೂ ಕನ್ನಡದ ಮನೆಮನೆ ತಲುಪಿದವು. ಕ್ರೈಸ್ತ ಪ್ರೇಮಕಾದಂಬರಿಗೆ ಹೊರನಾಡುಗಳಲ್ಲಿ ಯಾವ ಓದುಗವರ್ಗವಿದೆಯೋ ಕನ್ನಡದಲ್ಲಿ ಅಂಥ ವರ್ಗದ ಹಸಿವನ್ನು ತಣಿಸಿದವು ಇವೇ. 1978ರಲ್ಲಿ ಚಲನಚಿತ್ರವೂ ಆದ ಉಷಾ ನವರತ್ನರಾಂ ಅವರ ‘ಹೊಂಬಿಸಿಲು’ ಒತ್ತಾಯಕ್ಕೆ ತಾಳಿ ಕಟ್ಟಿ ಹೆಂಡತಿಯ ಮುಖವನ್ನೂ ಸರಿಯಾಗಿ ನೋಡದೆ ಹೊರಟುಹೋದ ಡಾಕ್ಟರನೊಬ್ಬ ಮುಂದೆ ಅವಳನ್ನೇ ವೈದ್ಯೆಯಾಗಿ ಎದುರುಗೊಂಡು, ಯಾರೆಂದು ತಿಳಿಯದೆ ಮೆಚ್ಚುವ ಕಥೆಯನ್ನು ಹೇಳುತ್ತದೆ. ನೋಡದೆ ಕಟ್ಟಿದ ತಾಳಿಯೇ ಇಲ್ಲಿ ಕೆಟ್ಟ ಮೊದಲ ಭೇಟಿ. ಅದಾದ ಮೇಲೆ ಒಳ್ಳೆಯ ಮೊದಲ ಭೇಟಿಯೊಂದನ್ನು ಲೇಖಕಿ ಅದೇ ದಂಪತಿಗೆ ಮರಳಿ ದೊರಕಿಸಿಕೊಡುತ್ತಾಳೆ. ಮದುವೆಯನ್ನು ಮುರಿಯದೆ ಪ್ರೇಮವನ್ನು ಹುಟ್ಟಿಸುವ ಈ ಜಾಣ್ಮೆ ಅಪ್ಪಟ ಕನ್ನಡದ್ದು. ಕನ್ನಡದ ಕ್ರೈಸ್ತ ಜೀವನವನ್ನು ಆಪ್ತವಾಗಿ ಬರೆದ ನಾ. ಡಿಸೋಜ (1937–2025) ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿಯನ್ನು ಕೊಟ್ಟರಾದರೂ ಅವರ ಆಸಕ್ತಿ ಪ್ರೇಮಕಥೆಗಿಂತ ಸಮುದಾಯದ ಕಥೆಯ ಕಡೆಗಿತ್ತು.

ಬದಲಾದ ನೋಟ

ಮದುವೆಯ ಕನಿಷ್ಠ ವಯಸ್ಸನ್ನು ಮೊದಲು ನಿಗದಿಪಡಿಸಿದ 1929ರ ಕಾಯಿದೆ, ಅದನ್ನು ಹೆಣ್ಣಿಗೆ 18, ಗಂಡಿಗೆ 21 ಎಂದು ಏರಿಸಿದ 1978ರ ತಿದ್ದುಪಡಿ, 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಇವು ಈ ಸೀಮೆಯ ಹಳ್ಳಿಗಳಲ್ಲಿ ನಿಧಾನವಾಗಿ ಇಳಿದವು. ಕಾಯಿದೆಗಿಂತ ಹೆಚ್ಚಿನ ಕೆಲಸವನ್ನು ಶಾಲೆ ಕಾಲೇಜುಗಳು ಮಾಡಿದವೆನ್ನಬೇಕು. 2003ರಲ್ಲಿ ವಿಜಯಪುರದಲ್ಲಿ ಸ್ಥಾಪನೆಯಾದ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದಿದ ಹುಡುಗಿಗೆ ಎಲ್ಲೀಮಟಾ ಕಲ್ತೀ ಎಂಬ ಪ್ರಶ್ನೆ ಈಗ ತಲೆ ತಗ್ಗಿಸುವ ಪ್ರಶ್ನೆಯಲ್ಲ. ಎಷ್ಟೋ ಸಲ ಉತ್ತರ ಕೇಳಿ ಮುಜುಗರಪಡಬೇಕಾದವನು ವರ. ಪಡಸಾಲೆಯ ಬದಲು ಸಿದ್ಧೇಶ್ವರ ಗುಡಿಯ ಆವರಣದಲ್ಲಿಯೋ ಬಳಗದವರ ಮನೆಯಲ್ಲಿಯೋ ಮೊದಲ ಭೇಟಿ ನಡೆಯುವುದೂ ಉಂಟು. ಇಬ್ಬರನ್ನು ಮಾಳಿಗೆಗೋ ಹಿತ್ತಲಿಗೋ ಕಳಿಸಿ ಹತ್ತು ನಿಮಿಷ ಮಾತಾಡಿಕೊಳ್ಳಲು ಬಿಡುವ ಪದ್ಧತಿ ಹಳ್ಳಿಗಳಿಗೂ ಬಂದಿದೆ. ಮುಖಕ್ಕಿಂತ ಮುಂಚೆ ಬಯೋಡಾಟಾ ಮತ್ತು ಫೋಟೋ ಮೊಬೈಲಿನಲ್ಲಿ ತಲುಪುವುದರಿಂದ ಮೊದಲ ನೋಟದ ತಪ್ಪು ಈಗ ಪರದೆಯ ಮೇಲೆಯೇ ಆಗಿ, ಎದುರಿನ ಭೇಟಿ ಅದನ್ನು ತಿದ್ದುವ ಎರಡನೆಯ ನೋಟವಾಗುತ್ತಿದೆ.

ತಿಕೋಟಾ, ಬಬಲೇಶ್ವರಗಳ ಕಡೆ ಇನ್ನೊಂದು ತಿರುವು ಇದೆ. ಕರ್ನಾಟಕದ ಅನೇಕ ಭಾಗಗಳಂತೆ ಇಲ್ಲಿಯೂ ಒಕ್ಕಲುತನ ಮಾಡುವ ಹುಡುಗರಿಗೆ ಕನ್ಯೆ ಸಿಗುವುದು ಕಷ್ಟವೆಂಬ ಅಳಲು ಕೇಳಿಬರುತ್ತಿದೆ. ನೌಕರಿಯುಳ್ಳ ಹುಡುಗನೇ ಬೇಕೆಂದು ಹೆಣ್ಣಿನವರು ಹಟ ಹಿಡಿಯುತ್ತಾರೆ. ಅದರಿಂದಾಗಿ ‘ಮನಿ ನೋಡೂದು’, ಅಂದರೆ ಹೆಣ್ಣಿನವರು ವರನ ಮನೆ ಹೊಲಗಳನ್ನು ನೋಡಲು ಹೋಗುವುದು, ಹಿಂದೆ ನೆಪಕ್ಕಿದ್ದದ್ದು ಈಗ ನಿಜವಾದ ಪರೀಕ್ಷೆಯಾಗಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಹೊಲದವರೆಗೆ ಬಂದಿದೆಯೇ, ಕೊಳವೆಬಾವಿಗೆ ಬೇಸಿಗೆಯಲ್ಲಿ ನೀರಿರುತ್ತದೆಯೇ, ದ್ರಾಕ್ಷಿ ಎಷ್ಟು ಎಕರೆ, ಮಣೂಕ, ಅಂದರೆ ಒಣದ್ರಾಕ್ಷಿ, ಒಣಗಿಸುವ ಶೆಡ್ಡು ಸ್ವಂತದ್ದೇ ಎಂದು ಹುಡುಗಿಯ ಸೋದರಮಾವಂದಿರು ಕೇಳುತ್ತಾರೆ. ಕೆಲವು ಸಲ ಹುಡುಗಿಯೂ ಜೊತೆಗೆ ಬಂದಿರುತ್ತಾಳೆ. ಒಗೆದ ಅಂಗಿ ತೊಟ್ಟ ಹುಡುಗ ಬಂದವರನ್ನು ದ್ರಾಕ್ಷಿ ಚಪ್ಪರದ ಕೆಳಗೆ ಕರೆದೊಯ್ಯುತ್ತಾನೆ. ತಂತಿಗೆ ಜೋತ ಗೊನೆಗಳ ನಡುವೆ ಎತ್ತರದವನು ತಲೆ ಬಗ್ಗಿಸಿಯೇ ನಡೆಯಬೇಕು. ಎದುರಿನ ಸಾಲಿನಲ್ಲಿ ಅವಳು ನಿಂತಾಗ ಅವನು ಗೊನೆಯೊಂದನ್ನು ಕತ್ತರಿಸಿ ಕೊಡಲು ಹೋಗಿ, ಅದನ್ನು ಅವಳ ಕೈಗೆ ಕೊಡಬೇಕೋ ಅವಳ ಅವ್ವನ ಕೈಗೋ ಎಂದು ತಿಳಿಯದೆ, ಹಣ್ಣು ಹಿಡಿದ ಕೈಯನ್ನು ನಡುವೆಯೇ ನಿಲ್ಲಿಸಿರುತ್ತಾನೆ.